ಮಾಸ್ಟ್ರು ಬಿಟ್ಟ ಮಾರ್ಜಿನ್ನು

"ಎಲ್ಲಾ ಆಗೈತೆ ಮಗಾ, ಕಾಜಾ ಆಕೋದೊಂದು ಬಾಕಿ."

ಪಾಂಡವಪುರದ ನಮ್ಮ ಟೈಲರ್ ಮಾಸ್ಟ್ರನ್ನು ನೆನೆದರೆ ಮೊದಲು ಕಿವಿಗೆ ಬೀಳುವುದು ಈ ಮಾತು. ಎಷ್ಟೋ ಸಲ ನಾವು ಕೊಟ್ಟ ಬಟ್ಟೆ ಅಂಗಡಿಯ ಕವರಿನಿಂದ ಹೊರಗೇ ಬಂದಿರುತ್ತಿರಲಿಲ್ಲ. ಆದರೆ ಮಾಸ್ಟ್ರ ಲೆಕ್ಕದಲ್ಲಿ ಗುಂಡಿ ತೂರಿಸುವ ಕಾಜಾ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಮುಗಿದಿರುತ್ತಿತ್ತು. ಇದನ್ನು ಹೇಳುವಾಗ ಅವರು ನಮ್ಮ ಕಣ್ಣನ್ನೇ ನೋಡುತ್ತಿದ್ದರು, ತಡವರಿಸುತ್ತಿರಲಿಲ್ಲ. ಕೇಳಿದವರಿಗೇ ಪಾಪ, ಒಂದೇ ಕೆಲಸಕ್ಕಾಗಿ ಇವರನ್ನು ಕಾಡುತ್ತಿದ್ದೇವಲ್ಲ ಅನ್ನಿಸಿಬಿಡುತ್ತಿತ್ತು.

ಹೋದ ಆಷಾಢದಲ್ಲಿ ಅವರು ತೀರಿಕೊಂಡರು. ತಿಥಿಯ ದಿನ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಅನ್ನಕ್ಕೆ ಸಾರು ಕಲಸುತ್ತಾ, "ಯಮ ಬಂದು ಬಾಗ್ಲಲ್ ನಿಂತಾಗ್ಲೂ ‘ಎಲ್ಲಾ ಆಗೈತೆ ಸ್ವಾಮಿ, ಕಾಜಾ ಒಂದು ಬಾಕಿ’ ಅಂದು ನಾಕ್ ದಿನ ತಳ್ಳಿರ್ತಾನೆ ಕಣ್ಲಾ ಇವ್ನು" ಅಂದರು. ಎಲೆ ಮುಂದೆ ಕೂತವರೆಲ್ಲ ನಕ್ಕರು. ಹಪ್ಪಳ ಬಡಿಸುತ್ತಿದ್ದ ಮಾಸ್ಟ್ರ ಹೆಂಡತಿ, ನಾನು ಅಕ್ಕ ಅಂತ ಕರೆಯುವವರು, ಅವರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ಒಳಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ.

ಮಾಸ್ಟ್ರ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು, ಅದರ ಹಿಂಭಾಗದಲ್ಲೇ ಮನೆ. ಕೊರಳಲ್ಲಿ ಅಳತೆ ಟೇಪು, ಕಿವಿಯ ಮೇಲೆ ಸೀಮೆಸುಣ್ಣದ ಚೂರು. ಟೇಪನ್ನು ಮನೆಯಲ್ಲೂ ತೆಗೆಯುತ್ತಿರಲಿಲ್ಲ, ಸ್ನಾನ ಮಾಡುವಾಗ ತೆಗೆಯುತ್ತಾರೋ ಇಲ್ಲವೋ ಅಂತ ಅಕ್ಕನಿಗೇ ಅನುಮಾನ. ಯಾರೇ ಎದುರಾದರೂ ಚೆನ್ನಾಗಿದ್ದೀಯಾ ಅಂತ ಕೇಳುವ ಅಭ್ಯಾಸವೇ ಇರಲಿಲ್ಲ. ದೂರದಿಂದಲೇ ನೋಡಿ, "ಸೊಂಟ ಎಲ್ಡಿಂಚು ಏರೈತಲ್ಲೋ" ಅನ್ನುತ್ತಿದ್ದರು. ಕಾಯಿಲೆ ಬಿದ್ದು ಎದ್ದವರಿಗೆ, "ಬುಜ ಇಳ್ದೋಗೈತೆ, ಮುದ್ದೆ ಉಣ್ಣು." ಅದೇ ಅವರ ಯೋಗಕ್ಷೇಮ ವಿಚಾರಣೆ.

ನನಗೂ ಅವರಿಗೂ ಸಂಬಂಧ ಬೆಳೆದದ್ದು ಒಂದು ಶರ್ಟಿನಿಂದ. ತೊಣ್ಣೂರಿನಲ್ಲಿ ಚಿಕ್ಕಪ್ಪನ ಮಗನ ಮದುವೆ ಅಂತ ತಿಳಿನೀಲಿ ಬಟ್ಟೆ ಕೊಟ್ಟಿದ್ದೆ. ಮದುವೆ ಆಯಿತು, ನಾನು ಹಳೇ ಶರ್ಟಿನಲ್ಲೇ ಹೋಗಿಬಂದೆ. ಈಗ ಆ ಮದುವೆಯಿಂದ ಹುಟ್ಟಿದ ಮಗು ಮಾತಾಡುತ್ತದೆ. ನನ್ನ ಶರ್ಟಿನ ಕಾಜಾ ಮಾತ್ರ ಮಾಸ್ಟ್ರು ಹೋಗುವವರೆಗೂ ಬಾಕಿಯೇ ಇತ್ತು.

ಒಂದು ದಿನ ಹಾಗೆ ಶರ್ಟು ಕೇಳಲು ಹೋದಾಗ ನನ್ನ ಕೈಯಲ್ಲಿ ರೋಬೋ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಓದಿದ್ದು ಬಿ.ಕಾಂ., ರೋಬೋ ಕಟ್ಟಲು ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ಕಾಳಗದ ರೋಬೋ ಅಂದರೆ ಮನುಷ್ಯನ ಹಾಗೆ ನಡೆದಾಡುವಂಥದ್ದಲ್ಲ. ಅಂಗಳದಷ್ಟು ಅಖಾಡ, ಸುತ್ತ ಗಾಜಿನಂತೆ ಒಳಗೆಲ್ಲ ಕಾಣುವ ಗಟ್ಟಿ ಗೋಡೆ. ಒಳಗೆ ಚಕ್ರದ ಎರಡು ಗಾಡಿಗಳು, ಹೊರಗೆ ರಿಮೋಟ್ ಹಿಡಿದ ನಾವು. ಒಬ್ಬರ ಗಾಡಿಗೆ ಇನ್ನೊಬ್ಬರದು ಗುದ್ದಬೇಕು, ಎತ್ತಿ ಎಸೆಯಬೇಕು. ಯಾವುದು ಅಲ್ಲಾಡದೆ ನಿಂತುಹೋಯಿತೋ ಅದು ಸೋತಿತು. ಎರಡೂ ನಿಲ್ಲದಿದ್ದರೆ ಗಂಟೆ ಹೊಡೆದಾಗ ಅಂಕ ಎಣಿಸುತ್ತಾರೆ. ಕೆ.ಆರ್. ಪೇಟೆಯಲ್ಲಿ ಸೋದರಮಾವನ ವೆಲ್ಡಿಂಗ್ ಶಾಪು ನೋಡಿಕೊಳ್ಳುವ ನನ್ನ ಗೆಳೆಯ ಚಂದ್ರ ಕಬ್ಬಿಣದ ಚೌಕಟ್ಟು ಮಾಡಿಕೊಟ್ಟಿದ್ದ. ಅದಕ್ಕೆ ಮೋಟಾರು, ಚಕ್ರ, ಬ್ಯಾಟರಿ ಕೂರಿಸಿದ್ದೆ. ಉಳಿದದ್ದು ಮೈಮೇಲಿನ ಕವಚ.

ಮಾಸ್ಟ್ರು ಮಿಷನ್ನು ತುಳಿಯುವುದು ನಿಲ್ಲಿಸಿ ಅದನ್ನೇ ನೋಡಿದರು.

"ಇದೇನ್ಲಾ ಇದು?"

"ರೋಬೋ ಮಾಸ್ಟ್ರೇ. ಕುಸ್ತಿ ಆಡೋದು."

"ಯಾರ್ ಕುಟೆ?"

"ಇನ್ನೊಂದ್ ರೋಬೋ ಕುಟೆ."

"ಇಂಗೇ ಬರೀ ಮೈಯಾಗಾ?"

"ಇಲ್ಲ ಮಾಸ್ಟ್ರೇ, ಮೇಲೆ ಕವಚ ಆಕ್ಬೇಕು. ಯಾತರದ್ದು ಅಂತ ಇನ್ನೂ ಗೊತ್ತಾಗಿಲ್ಲ."

ನಾನು ಹೇಳಿ ಮುಗಿಸುವಷ್ಟರಲ್ಲಿ ಟೇಪು ಕೊರಳಿಂದ ಇಳಿದಿತ್ತು. ರೋಬೋವನ್ನು ಕಟಿಂಗ್ ಟೇಬಲ್ಲಿನ ಮೇಲೆ ನಿಲ್ಲಿಸಿಕೊಂಡು ಸುತ್ತ ಅಳತೆ ತೆಗೆದರು. "ಎದೆ ಇಷ್ಟು. ಉದ್ದ ಇಷ್ಟು. ತೋಳಿಲ್ವಾ ಇದಕ್ಕೆ?" ಅಂದರು. ಇಲ್ಲ ಅಂದೆ. "ಬುಡು ಅಂಗಾರೆ. ಬನೀನ್ ಕಟಿಂಗು, ಸಲೀಸು."

ಅವತ್ತಿನಿಂದ ಆ ರೋಬೋ ಅವರ ಬಾಯಲ್ಲಿ "ಐದ" ಆಯಿತು. ನಮ್ಮ ಕಡೆ ಹುಡುಗನನ್ನು ಹೈದ ಅನ್ನುತ್ತೇವಲ್ಲ, ಅದೇ. ನಾನೂ ಚಂದ್ರನೂ ತಲೆ ಕೆಡಿಸಿಕೊಂಡು ಅದಕ್ಕೊಂದು ಬೆಂಕಿಯಂಥ ಇಂಗ್ಲಿಷ್ ಹೆಸರಿಟ್ಟು ಸ್ಟಿಕ್ಕರು ಅಂಟಿಸಿದ್ದೆವು. ಅದನ್ನು ಓದಿದವರು ನಾವಿಬ್ಬರೇ.

ಕವಚಕ್ಕೆ ವಸ್ತು ಆರಿಸುವುದೇ ಈ ಆಟದಲ್ಲಿ ಅರ್ಧ ಯುದ್ಧ. ನಮ್ಮದು ಎಂಟು ಕೆಜಿ ತರಗತಿ. ಕಬ್ಬಿಣದ ತಗಡು ಹೊದಿಸಿದರೆ ಮೈ ಗಟ್ಟಿ, ಆದರೆ ತೂಕವೆಲ್ಲ ಅದಕ್ಕೇ ಹೋಗಿ ಮೋಟಾರು, ಬ್ಯಾಟರಿಗೆ ಏನೂ ಉಳಿಯುವುದಿಲ್ಲ. ಹಗುರ ಮಾಡಿದರೆ ಎದುರಿನವನ ಬ್ಲೇಡಿನ ಒಂದೇ ಏಟಿಗೆ ಒಳಗಿನ ಕರುಳು ಕಾಣಿಸುತ್ತದೆ. ಪಾಲಿಕಾರ್ಬೊನೇಟು ಅನ್ನುವ ಒಡೆಯದ ಪ್ಲಾಸ್ಟಿಕ್ಕು ಒಳ್ಳೆಯದು ಅಂತ ವಿಡಿಯೋದಲ್ಲಿ ಕೇಳಿದ್ದೆ. ಬೋರ್ಡು ಬರೆಯುವವನ ಹತ್ತಿರ ಗಾಜಿನಂಥ ಕಪ್ಪು ಹಾಳೆ ಸಿಕ್ಕಿತು. ಅದೇ ಇದು ಅಂದುಕೊಂಡು ತಂದುಬಿಟ್ಟೆ.

ಮಾಸ್ಟ್ರು ಹಾಳೆಯನ್ನು ಬೆರಳ ತುದಿಯಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, "ಸೂಟಿಗ್ ಆಗೋ ಮಾಲು ಕಣ್ಲಾ" ಅಂತ ಮೆಚ್ಚಿದರು. ಆದರೂ ಪರೀಕ್ಷೆ ಆಗಲೇಬೇಕು ಅಂದರು. ಅವರ ಪರೀಕ್ಷೆ ಯಾವ ವಿಡಿಯೋದಲ್ಲೂ ಇಲ್ಲ. ಅಂಗಡಿಯ ಮೂಲೆಯಲ್ಲಿ ಇದ್ದಿಲು ಹಾಕುವ ಹಿತ್ತಾಳೆ ಇಸ್ತ್ರಿಪೆಟ್ಟಿಗೆ ಇತ್ತು, ಎತ್ತಿದರೆ ಕೈ ಸೋಲುವಷ್ಟು ಭಾರ. ಹಾಳೆಯನ್ನು ಎರಡು ಇಟ್ಟಿಗೆ ಮೇಲಿಟ್ಟು, ತಾವು ಸ್ಟೂಲು ಹತ್ತಿ, ಇಸ್ತ್ರಿಪೆಟ್ಟಿಗೆಯನ್ನು ಎದೆಯ ಮಟ್ಟದಿಂದ ಬಿಟ್ಟರು. ಹಾಳೆ ಪುಡಿಪುಡಿಯಾಗಿ ಬೀದಿಯವರೆಗೂ ಚಿಮ್ಮಿತು. ಅದು ಬೋರ್ಡಿಗೆ ಬಳಸುವ ಅಕ್ರಿಲಿಕ್ಕು, ನೋಡಲು ಚಂದ, ಏಟು ಬಿದ್ದರೆ ಗಾಜೇ.

"ಒಗ್ದ ಏಟ್ಗೇ ಅರ್ದೋಯ್ತು" ಅಂದರು ಮಾಸ್ಟ್ರು, ಸ್ಟೂಲಿನ ಮೇಲೆ ನಿಂತೇ.

ಮರುದಿನ ಅಲ್ಯೂಮಿನಿಯಮ್ ತಗಡು ತಂದೆ. ಅದು ಒಡೆಯಲಿಲ್ಲ, ಪೆಟ್ಟಿಗೆಯ ಮೂತಿಯಷ್ಟು ಕುಳಿ ಬಿತ್ತು. ಮಾಸ್ಟ್ರು ಕುಳಿಯನ್ನು ಸವರಿ, "ಮುದುರು ಬಿತ್ತು. ಇಸ್ತ್ರಿ ಒಡದ್ರೆ ಓಯ್ತದಾ?" ಅಂದರು. ಹೋಗುವುದಿಲ್ಲ, ಅದೇ ಅಲ್ಯೂಮಿನಿಯಮ್ಮಿನ ತೊಂದರೆ ಅಂತ ನಾನು ವಿವರಿಸುತ್ತಿದ್ದೆ. ಅಷ್ಟರಲ್ಲಿ ಅವರು ಒಳಗೆ ಹೋಗಿ ಅಡುಗೆಮನೆಯಿಂದ ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಹಲಗೆ ತಂದರು. ಇಸ್ತ್ರಿಪೆಟ್ಟಿಗೆ ಬಿತ್ತು, ಚೆಂಡಿನ ಹಾಗೆ ಪುಟಿದು ಅವರ ಚಪ್ಪಲಿಯ ಪಕ್ಕದಲ್ಲೇ ಕೂತಿತು. ಹಲಗೆಯ ಮೇಲೆ ಉಗುರಿನಷ್ಟು ಗೀರು, ಅಷ್ಟೇ.

ಹೆಚ್ಚುವ ಹಲಗೆಯ ಪ್ಲಾಸ್ಟಿಕ್ಕು ಹಾಗೇ. ಅದು ಏಟಿಗೆ ಎದುರು ನಿಲ್ಲುವುದಿಲ್ಲ, ನುಂಗುತ್ತದೆ. ಎದುರಾಳಿಯ ಬ್ಲೇಡು ಕಚ್ಚಿದರೂ ಒಂದು ಚೂರು ಸುಲಿದುಕೊಂಡು ಹೋಗಬಹುದು, ಇಡೀ ಹಲಗೆ ಸೀಳುವುದಿಲ್ಲ. ತೂಕವೂ ಕಡಿಮೆ, ನೀರಿನ ಮೇಲೆ ತೇಲುತ್ತದೆ. ಸಣ್ಣ ರೋಬೋ ಕಟ್ಟುವವರು ಲೋಕದಲ್ಲೆಲ್ಲ ಇದನ್ನೇ ಹಾಕುತ್ತಾರೆ ಅಂತ ಆಮೇಲೆ ನೋಡಿ ತಿಳಿದೆ. ಮಾಸ್ಟ್ರಿಗೆ ಹೇಳಲಿಲ್ಲ. ಹೇಳಿದ್ದರೆ ಕಂಡುಹಿಡಿದದ್ದು ತಾನೇ ಅಂತ ಬಸ್‌ಸ್ಟ್ಯಾಂಡಿಗೆಲ್ಲ ಸಾರುತ್ತಿದ್ದರು.

ಸಂಜೆ ಅಕ್ಕ ಬಂದು ಬಾಗಿಲಲ್ಲಿ ನಿಂತರು. "ನನ್ ಅಲಿಗೆ ಎಲ್ಲಿ?"

"ಐದಂಗೆ ಬೇಕಿತ್ತು ಕಣಮ್ಮಿ."

"ನಾನ್ ಯಾತರ ಮೇಲೆ ಬೀನೀಸ್ ಕುಯ್ಲಿ, ನಿಮ್ ತಲೆ ಮೇಲಾ?"

"ನಮ್ಮವ್ವ ಈಳಿಗೆಮಣೇಲ್ ಕುಯ್ತಿದ್ಲು. ಮನೇಲಿ ಈಗ್ಲೂ ಐತೆ."

"ನಿಮ್ಮವ್ವ ಕುಯ್ತಿದ್ರು. ನೀವೇ ಬನ್ನಿ ಇವತ್ತು, ನಿಮ್ಮವ್ವನ್ ಮಗ, ಕುಯ್ಕೊಡಿ." ಅವತ್ತು ಬೀನ್ಸು ಹೆಚ್ಚಿದ್ದು ಮಾಸ್ಟ್ರೇ. ಒಂದೊಂದು ತುಂಡೂ ಒಂದೇ ಅಳತೆ ಇತ್ತು, ಆದರೆ ಊಟ ಆಗುವಾಗ ಬೀದಿಯೆಲ್ಲ ಮಲಗಿತ್ತು ಅಂತ ಅಕ್ಕ ಹೇಳುತ್ತಿದ್ದರು.

ಹಲಗೆ ಕತ್ತರಿಸಲು ಚಂದ್ರ ತನ್ನ ಶಾಪಿನಿಂದ ಜಿಗ್‌ಸಾ ತಂದ. ಸಣ್ಣ ಗರಗಸದ ಬ್ಲೇಡು ಮೇಲೆ ಕೆಳಗೆ ಕುಣಿಯುವ ಕೈಮಿಷನ್ನು ಅದು. ಮಾಸ್ಟ್ರು ನೋಡಿದ್ದೇ, "ಇದೂ ನಮ್ ಮಿಷನ್ನೇ ಅಲ್ವೇನ್ಲಾ, ಸೂಜಿಗ್ ಅಲ್ಲು ಬಂದೈತೆ" ಅಂತ ಕೈಗೆ ತೆಗೆದುಕೊಂಡರು. ಸೀಮೆಸುಣ್ಣದ ಗೆರೆಯ ಮೇಲೆ ಕೂದಲೆಳೆ ಆಚೀಚೆ ಆಗದಂತೆ ಓಡಿಸಿದರು. ನೋಡುವಂಥ ಇನ್ನೊಂದಿತ್ತು. ಜಿಗ್‌ಸಾ ಕರೆಂಟಿನದು, ಗುಂಡಿ ಒತ್ತಿದರೆ ಓಡುತ್ತದೆ. ಆದರೂ ಮಾಸ್ಟ್ರ ಬಲಗಾಲು ಕೆಳಗೆ ನೆಲವನ್ನು ತುಳಿಯುತ್ತಲೇ ಇತ್ತು. ತಿರುವು ಬಂದರೆ ನಿಧಾನ, ನೇರ ಗೆರೆಯಲ್ಲಿ ಜೋರು. ಚಂದ್ರ ನನಗೆ ಕಣ್ಣು ಮಿಟುಕಿಸಿದ. ಇಬ್ಬರೂ ನಗು ತಡೆಯಲು ಹೊರಗೆ ಹೋದೆವು.

ಒಳಗೆ ಬಂದರೆ ಮಾಸ್ಟ್ರು ಗೆರೆಯ ಕೊನೆ ಮುಟ್ಟಿ ಹಲಗೆಯನ್ನು ಎರಡು ಮಾಡಲು ಎಳೆಯುತ್ತಿದ್ದರು. ಬರಲಿಲ್ಲ. ಕತ್ತರಿಸಿದ ಜಾಗವೆಲ್ಲ ಮತ್ತೆ ಅಂಟಿಕೊಂಡಿತ್ತು. ಬ್ಲೇಡಿನ ವೇಗಕ್ಕೆ ಪ್ಲಾಸ್ಟಿಕ್ಕು ಕಾದು ಕರಗಿ, ಬ್ಲೇಡು ಮುಂದೆ ಹೋದ ಹಾಗೆ ಹಿಂದೆ ಕೂಡಿಕೊಳ್ಳುತ್ತಾ ಬಂದಿತ್ತು.

"ನೋಡ್ಲಾ ಬಡ್ಡೀಮಗಂದು" ಅಂದರು ಮಾಸ್ಟ್ರು. ಬೇಜಾರಿನ ಬದಲು ಅವರ ಮುಖದಲ್ಲಿ ಎಂಥದೋ ಆನಂದ. "ನಾನ್ ಮುಂದೆ ಕುಯ್ತಾ ಓಯ್ತಿದ್ರೆ ಇಂದ್ಗಡೆ ತಾನೇ ಒಲ್ಕೊಂಡ್ ಬತ್ತಾ ಐತೆ. ಇಂತಾ ಬಟ್ಟೆ ಇದ್ದಿದ್ರೆ ನಾನ್ ಎಂದೋ ಸಾವ್ಕಾರ ಆಗೋಯ್ತಿದ್ದೆ."

ಚಂದ್ರ ದಪ್ಪ ಹಲ್ಲಿನ ಬ್ಲೇಡು ಹಾಕಿ, ವೇಗ ಇಳಿಸಿಕೊಟ್ಟ. ಆಮೇಲೆ ಕರಗಲಿಲ್ಲ, ತೆಂಗಿನತುರಿಯ ಹಾಗೆ ಬಿಳಿ ಪುಡಿ ಉದುರಿತು.

ಅಕ್ಕನ ಹಲಗೆ ಎರಡು ಬದಿಗೆ ಸಾಕಾಯಿತು. ಮಿಕ್ಕಿದ್ದಕ್ಕೆ ಇನ್ನೂ ದಪ್ಪದ್ದು ಬೇಕು ಅಂತ ಮೂವರೂ ಶ್ರೀರಂಗಪಟ್ಟಣದ ಗುಜರಿ ಅಂಗಡಿಗೆ ಹೋದೆವು. ಮುಚ್ಚಿಹೋದ ಯಾವುದೋ ಹೋಟೆಲಿನ ಅಡುಗೆಮನೆ ಹಲಗೆ ಅಲ್ಲಿ ಗೋಡೆಗೆ ಒರಗಿತ್ತು, ಬಾಗಿಲಿನ ಅರ್ಧದಷ್ಟು. ಗುಜರಿ ಸಾಹೇಬರು ಬೆಲೆ ಹೇಳುವ ಮೊದಲೇ ಮಾಸ್ಟ್ರ ವಿಚಾರಣೆ ಶುರುವಾಯಿತು.

"ತೊಳುದ್ರೆ ಕುಗ್ತದಾ ಸಾಬ್ರೇ?"

ಸಾಹೇಬರು ನನ್ನ ಮುಖ ನೋಡಿದರು. ಆಮೇಲೆ, "ಅರೇ ಮಾಸ್ಟರ್‌ಜೀ, ಪ್ಲಾಸ್ಟಿಕ್ ಅದು. ಯಾಕೆ ಕುಗ್ತದೆ?"

"ಬಣ್ಣ ಬುಡ್ತದಾ?"

"ಬಿಳೀದು ಏನ್ ಬಣ್ಣ ಬಿಡ್ತದೆ?"

"ಒಳಮೈ ಯಾವ್ದು, ಒರಮೈ ಯಾವ್ದು?"

ಸಾಹೇಬರು ಎದ್ದು ಬಂದು ಹಲಗೆಯನ್ನು ಒಂದು ಸಲ ತಿರುಗಿಸಿದರು, ಇನ್ನೊಂದು ಸಲ ತಿರುಗಿಸಿದರು. "ನಿಮ್ಗೆ ಯಾವ್ದು ಪಸಂದೋ ಅದು ಒರಮೈ. ತಗೊಂಡ್ ಓಗಿ, ನಂಗೆ ನಮಾಜ್‌ಗೆ ಹೊತ್ತಾಯ್ತು." ಮಾಸ್ಟ್ರು ಚಾಕುವಿನ ಗೀರು ಕಡಿಮೆ ಇದ್ದ ಮೈಯನ್ನು ಹೊರಮೈ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಐದನಿಗೆ ಹಳೇ ಬಟ್ಟೆ ಹಾಕಿದ ಹಾಗೆ ಕಾಣಬಾರದಲ್ಲ.

ನನಗೂ ಅವರಿಗೂ ಎರಡು ವಿಷಯದಲ್ಲಿ ಜಗಳ. ಒಂದು, ಕವಚ ಬಿಗಿ ಇರಬೇಕೋ ಸಡಿಲ ಇರಬೇಕೋ. ಬಿಗಿಯಾಗಿ ಚೌಕಟ್ಟಿಗೆ ಬೋಲ್ಟು ಹಾಕಬೇಕು ಅಂತ ನಾನು. "ಮೈಗಂಟಿಸಿ ಒಲ್ದ್ರೆ ಕಂಕುಳಲ್ಲೇ ಅರಿಯದು. ಉಸ್ರಾಡಕೆ ಜಾಗ ಬುಡು" ಅಂತ ಅವರು. ನನ್ನನ್ನು ಕೇಳದೆಯೇ ಹಳೇ ಸೈಕಲ್ ಟ್ಯೂಬು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಹಲಗೆಗೂ ಕಬ್ಬಿಣಕ್ಕೂ ನಡುವೆ ತುರುಕಲು ಸಿದ್ಧ ಮಾಡಿಟ್ಟರು. ಇದರಲ್ಲಿ ಅವರದೇ ಸರಿ ಅಂತ ಅಖಾಡದಲ್ಲಿ ಗೊತ್ತಾಯಿತು.

ಎರಡನೆಯದು ಜಗಳ ಅಂತಲೇ ನನಗೆ ಗೊತ್ತಿರಲಿಲ್ಲ, ನಾಗಮಂಗಲ ಮುಟ್ಟುವವರೆಗೂ.

ಮಾಸ್ಟ್ರ ಬದುಕು ನಡೆದದ್ದು ಮದುವೆ ಸೂಟುಗಳಿಂದಲ್ಲ, ಸ್ಕೂಲ್ ಯೂನಿಫಾರ್ಮಿನಿಂದ. ಸುತ್ತಲ ಹಳ್ಳಿಯವರು ಮಗುವಿಗೆ ಒಂದು ಜೊತೆ ಹೊಲಿಸಿದರೆ ಅದು ಮೂರು ವರ್ಷ ಬರಬೇಕು. ಅದಕ್ಕೇ ಅವರು ಹೊಲಿಗೆಯ ಒಳಗೆ ಹೆಬ್ಬೆರಳಗಲ ಮಾರ್ಜಿನ್ನು, ಅಂದರೆ ಹೆಚ್ಚುವರಿ ಬಟ್ಟೆ, ಮಡಿಸಿ ಬಿಡುತ್ತಿದ್ದರು. ಜೂನ್ ಬಂತೆಂದರೆ ಅಂಗಡಿ ಮುಂದೆ ಬೆಳೆದ ಮಕ್ಕಳ ಸಾಲು. ಮಾಸ್ಟ್ರು ಹೊಲಿಗೆ ಬಿಚ್ಚಿ, ಒಳಗಿದ್ದದ್ದನ್ನು ಹೊರಗೆ ತಂದು, ಮತ್ತೆ ಹೊಲಿದು ಕಳಿಸುತ್ತಿದ್ದರು. ಬಿಚ್ಚಿದ ಕಡೆ ಮಾಸದ ಹೊಸ ಬಣ್ಣದ ಪಟ್ಟಿ ಕಾಣುತ್ತಿತ್ತು. ನಾನೂ ಆ ಪಟ್ಟಿ ಹಾಕಿಕೊಂಡು ಸ್ಕೂಲಿಗೆ ಹೋದವನೇ. ಆಮೇಲೆ ಶಾಲೆಗಳು ರೆಡಿಮೇಡಿಗೆ ಹೋದವು. ನಾವು ರೋಬೋ ಹಿಡಿದು ಹೋಗುವ ಹೊತ್ತಿಗೆ ಜೂನಿನಲ್ಲಿ ಆ ಅಂಗಡಿಗೆ ಯಾರೂ ಬರುತ್ತಿರಲಿಲ್ಲ.

ನಾಗಮಂಗಲದ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಪರ್ಧೆ. ನಮ್ಮ ಮೊದಲನೆಯದು. ಹಲಗೆಗಳು ಯಾವಾಗ ಸಿಗುತ್ತವೆ ಅಂತ ವಾರವೆಲ್ಲ ಅಲೆದೆ. ಏನು ಉತ್ತರ ಬಂತು ಅಂತ ನೀವೇ ಊಹಿಸಬಹುದು. ಕೊನೆಗೆ ಸ್ಪರ್ಧೆಯ ಬೆಳಿಗ್ಗೆ ಬಸ್ಸು ಹೊರಡುವಾಗ ಮಾಸ್ಟ್ರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಮದುವೆ ಬಟ್ಟೆಯಂತೆ ಪೇಪರಿನಲ್ಲಿ ಸುತ್ತಿದ ನಾಲ್ಕು ಹಲಗೆ ಹಿಡಿದು ಬಂದು ಹತ್ತಿದರು.

"ಎಲ್ಲಾ ಆಗೈತೆ. ಕಾಜಾ ಒಂದು ಬಾಕಿ." ಬೋಲ್ಟಿನ ತೂತುಗಳನ್ನು ಅವರು ಹೇಳಿದ್ದು.

ಕಾಲೇಜಿನ ಕಾಂಪೌಂಡಿನಲ್ಲಿ ತೂತು ಕೊರೆದು, ಹಲಗೆ ಬಿಗಿದು, ಓಡುತ್ತಾ ತೂಕಕ್ಕೆ ಇಟ್ಟೆವು. ಅಲ್ಲಿದ್ದ ಮೇಡಮ್ಮು ತಕ್ಕಡಿ ನೋಡಿ, "ಕಾಲು ಕೆಜಿ ಜಾಸ್ತಿ ಇದೆಯಲ್ಲ. ಟೀ ಬ್ರೇಕ್ ಮುಗಿಯೋದ್ರೊಳಗೆ ಇಳಿಸ್ಕೊಂಡು ಬನ್ನಿ. ಇಲ್ದಿದ್ರೆ ಈ ಸಲ ಬಿಡೋಕಾಗಲ್ಲ" ಅಂದರು.

ನಾನು ಒಂದೊಂದು ಸ್ಕ್ರೂ ಸಮೇತ ಎಲ್ಲ ತೂಗಿದ್ದೆ, ಹಲಗೆಗಳ ತೂಕವನ್ನು ಅಳತೆ ಹಿಡಿದು ಲೆಕ್ಕ ಹಾಕಿದ್ದೆ. ಎಲ್ಲಿಂದ ಬಂತು ಕಾಲು ಕೆಜಿ? ಹಲಗೆ ಬಿಚ್ಚಿ ತಿರುಗಿಸಿ ನೋಡಿದೆ. ನಾಲ್ಕು ಹಲಗೆಯೂ ಚೌಕಟ್ಟಿಗಿಂತ ಹೆಬ್ಬೆರಳಗಲ ಉದ್ದ, ಎರಡೂ ತುದಿಗೆ. ಅಂಚನ್ನು ಅಷ್ಟು ನಯವಾಗಿ ಉಜ್ಜಿ ದುಂಡಗೆ ಮಾಡಿದ್ದರು, ಅದು ಬೇಕಂತಲೇ ಇಟ್ಟ ಅಂದ ಅಂತ ನಾನು ತಿಳಿದಿದ್ದೆ.

"ಮಾಸ್ಟ್ರೇ, ಏನಿದು?"

"ಮಾರ್ಜಿನ್ನು."

"ರೋಬೋಗ್ ಯಾಕ್ ಮಾಸ್ಟ್ರೇ ಮಾರ್ಜಿನ್ನು?"

"ಬೆಳೆಯಲ್ವಾ ಐದ?"

"ಕಬ್ಬಿಣ ಎಲ್ಲಾರಾ ಬೆಳೆದದ್ದು ಉಂಟಾ?"

"ಮೊದ್ಲು ಸಣ್ ಮೋಟ್ರು ಮಡಗಿದ್ದೆ. ಆಮೇಲೆ ಸಾಲ್ದು ಅಂತ ದೊಡ್ಡದು ಮಡಗ್ದೆ. ಚೌಕಟ್ಟು ಅಗಲ ಮಾಡಿಸ್ದೆ. ಅದು ಬೆಳ್ದಂಗಲ್ದೆ ಇನ್ನೇನ್ಲಾ?"

ಚಂದ್ರ ಮಧ್ಯೆ ಬಂದ. "ಮಾಸ್ಟ್ರೇ, ಅದೆಲ್ಲಾ ಸರಿ. ಈಗ ಆ ಅಂಚ ಕುಯ್ದ್ರೆ ಒಳೀಕ್ ಬುಡ್ತಾರೆ. ಕುಯ್ನಿಲ್ಲ ಅಂದ್ರೆ ಸೀದಾ ಊರ್ ಬಸ್ಸು. ಜಿಗ್‌ಸಾ ಎಲ್ಲೈತೆ?"

ಜಿಗ್‌ಸಾ ಇದ್ದ ಚೀಲದ ಮೇಲೆ ಮಾಸ್ಟ್ರು ಕೂತಿದ್ದರು. ಏಳಲಿಲ್ಲ.

"ಏಳಿ ಮಾಸ್ಟ್ರೇ."

"ಏಳಕಿಲ್ಲ. ಬ್ಯಾಟ್ರಿ ಸಣ್ಣದು ಆಕು. ಬಾಲ ಬಿಚ್ಚು. ಮಾರ್ಜಿನ್ ಮಾತ್ರ ಮುಟ್ಟಂಗಿಲ್ಲ."

ಸಣ್ಣ ಬ್ಯಾಟರಿ ನಮ್ಮಲ್ಲಿರಲಿಲ್ಲ. ಬಾಲ ಅಂತ ಅವರು ಕರೆದದ್ದು ಎದುರಿನದನ್ನು ಎತ್ತಿ ಎಸೆಯುವ ನಮ್ಮ ಒಂದೇ ಒಂದು ಆಯುಧ. ಪಕ್ಕದ ತಂಡದವರು ಟೀ ಲೋಟ ಹಿಡಿದು ನಮ್ಮನ್ನೇ ನೋಡುತ್ತಿದ್ದರು. ನನಗೆ ಸಿಟ್ಟು, ನಾಚಿಕೆ ಎರಡೂ ಆಗಿ, "ಒಂದು ಹೆಬ್ಬೆಟ್ಟಿನಷ್ಟು ಪ್ಲಾಸ್ಟಿಕ್ಕು ಮಾಸ್ಟ್ರೇ, ಅದಕ್ಕೋಸ್ಕರ ಆಡೋದೇ ಬ್ಯಾಡ್ವಾ?" ಅಂದೆ.

ಮಾಸ್ಟ್ರು ಕೊರಳ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಇದ್ದರು. ಆಮೇಲೆ, "ಅಲ್ಲ ಕಣ್ಲಾ, ನಾನ್ ಇಷ್ಟ್ ವರ್ಸದಲ್ಲಿ ಯಾರ್ ಬಟ್ಟೇದೂ ಮಾರ್ಜಿನ್ ಕುಯ್ದೋನಲ್ಲ. ಮಾರ್ಜಿನ್ ಕುಯ್ದ್ರೆ ಏನರ್ತ? ಇನ್ನು ನೀನ್ ಬೆಳಿಯಾಕಿಲ್ಲ, ಇಷ್ಟೇ ಅಂತ ನಾವೇ ಬರ್ದ್ ಕೊಟ್ಟಂಗೆ" ಅಂದರು.

ಮೇಜಿನ ಮೇಲೆ ಐದ ಬರೀ ಮೈಯಲ್ಲಿ ನಿಂತಿತ್ತು, ವೈರುಗಳೆಲ್ಲ ಹೊರಗೆ. ಮಾಸ್ಟ್ರು ಅದನ್ನು ನೋಡಿದರು, ಅಖಾಡದ ಕಡೆ ನೋಡಿದರು. ಆಗಲೇ ಅಲ್ಲಿ ತಂಡಗಳನ್ನು ಕರೆಯುವುದು ಶುರುವಾಗಿತ್ತು. ಎದ್ದು ನಿಂತು ಚೀಲದಿಂದ ತಾವೇ ಜಿಗ್‌ಸಾ ತೆಗೆದರು. ಚಂದ್ರ ಕೈ ಚಾಚಿದ.

"ನೀ ಸುಮ್ಕಿರು. ಕುಯ್ಯದಾದ್ರೆ ನಾನೇ ಕುಯ್ತೀನಿ. ನೀನ್ ಕುಯ್ದ್ರೆ ಸೊಟ್ಟ ಆಯ್ತದೆ."

ಒಂದೊಂದೇ ಹಲಗೆ ಮಡಿಲಿಗಿಟ್ಟುಕೊಂಡಂತೆ ಮೇಜಿಗೊತ್ತಿ ಕತ್ತರಿಸಿದರು. ನಾನು ಅವರ ಬಲಗಾಲು ನೋಡುತ್ತಿದ್ದೆ. ಅವತ್ತು ಅದು ನೆಲ ತುಳಿಯಲಿಲ್ಲ. ಮೂರು ಹಲಗೆಯ ಅಂಚು ಕೆಳಗೆ ಬಿದ್ದವು. ನಾಲ್ಕನೆಯದು, ಎದೆಯ ಹಲಗೆ, ಕೈಯಲ್ಲಿ ಹಿಡಿದು ನಿಂತರು. "ಈಗ ತೂಕ ಆಕ್ಸು. ಒಪ್ಪುದ್ರೆ ಇದು ಇರ್ಲಿ."

ತಕ್ಕಡಿಯ ಅಂಕಿ ಏರಿತು, ಇಳಿಯಿತು, ಎಂಟರ ಈಚೆಗೆ ಬಂದು ನಿಂತಿತು. ಮೇಡಮ್ಮು ಸ್ಟಿಕ್ಕರು ಅಂಟಿಸಿದರು. ಮಾಸ್ಟ್ರು ಬಗ್ಗಿ, ಬಿದ್ದಿದ್ದ ಬಿಳಿ ಪಟ್ಟಿಗಳನ್ನೆಲ್ಲ ಆಯ್ದು ಶರ್ಟಿನ ಜೇಬಿಗೆ ಹಾಕಿಕೊಂಡರು.

ಮೊದಲನೇ ಕಾಳಗದಲ್ಲಿ ಎದುರಿನದು ಗಿರ್ರನೆ ತಿರುಗುವ ಕಬ್ಬಿಣದ ಪಟ್ಟಿ ಇದ್ದ ರೋಬೋ. ಅದು ಬಂದು ಹೊಡೆದಾಗಲೆಲ್ಲ ನಮ್ಮ ಹಲಗೆ ಸೈಕಲ್ ಟ್ಯೂಬಿನ ಮೇಲೆ ಒಂದು ಸಲ ತೂಗಿ ಮತ್ತೆ ನಿಲ್ಲುತ್ತಿತ್ತು. ಐದಾರು ಏಟಿಗೆ ಹೊಡೆದವನದೇ ಬೋಲ್ಟು ಸಡಿಲವಾಗಿ ಪಟ್ಟಿ ನಿಂತಿತು. ನಾವು ಗೆದ್ದೆವು. ಮಾಸ್ಟ್ರು ಗೋಡೆಗೆ ಮೂಗು ಒತ್ತಿಕೊಂಡು, "ಕಾಲರ್ ಇಡ್ಕೊಳ್ಲಾ, ಕಾಲರ್ ಇಡ್ಕೊ" ಅಂತ ಹೇಳಿಕೊಡುತ್ತಿದ್ದರು. ಎರಡೂ ಕಡೆ ಕಾಲರ್ ಇರಲಿಲ್ಲ.

ಎರಡನೇ ಕಾಳಗದ ನಡುವೆ ಎದುರಿನವನು ಕೆಳಗಿಂದ ಕೊಕ್ಕೆ ಹಾಕಿ ನಮ್ಮನ್ನು ಎಳೆದ. ಗಂಟೆ ಹೊಡೆದಾಗ ಅಂಕದಲ್ಲಿ ಗೆದ್ದಿದ್ದೆವು, ಆದರೆ ಎದೆಯ ಹಲಗೆ ಒಂದು ಕಡೆ ಜೋತಾಡುತ್ತಿತ್ತು. ಬೋಲ್ಟಿನ ತೂತುಗಳು ಅಂಚಿನವರೆಗೂ ಹರಿದಿದ್ದವು. ಬೇರೆ ಹಲಗೆ ಇಲ್ಲ. ಎದೆ ತೆರೆದುಕೊಂಡು ಮುಂದಿನ ಕಾಳಗಕ್ಕೆ ಹೋದರೆ ಮೊದಲ ಏಟು ಬ್ಯಾಟರಿಗೇ.

ಮಾಸ್ಟ್ರು ನಮ್ಮಿಬ್ಬರನ್ನೂ ಪಕ್ಕಕ್ಕೆ ಸರಿಸಿದರು. ಹಲಗೆಯನ್ನು ಹೆಬ್ಬೆರಳಗಲ ಪಕ್ಕಕ್ಕೆ ಜರುಗಿಸಿ ಹಿಡಿದರು. ಹರಿದ ತೂತುಗಳು ಚೌಕಟ್ಟಿನಿಂದ ಆಚೆ ಹೋದವು, ಇನ್ನೊಂದು ತುದಿಯ ಮಾರ್ಜಿನ್ನು ಒಳಗೆ ಬಂದು ಚೌಕಟ್ಟನ್ನು ಪೂರ್ತಿ ಮುಚ್ಚಿತು. ಎಲ್ಲೆಲ್ಲಿ ಕೊರೆಯಬೇಕು ಅಂತ ಸೀಮೆಸುಣ್ಣದಲ್ಲಿ ಚುಕ್ಕಿ ಇಟ್ಟರು.

"ಉಂ, ಕಾಜಾ ಆಕು" ಅಂದರು.

ಮೂರನೆಯದರಲ್ಲಿ ನಮ್ಮ ಮೋಟಾರು ಸುಟ್ಟು ಹೊಗೆ ಬಂತು, ಸೋತೆವು. ಎದೆಯ ಹಲಗೆ ಕೊನೆಯವರೆಗೂ ಅಲ್ಲಾಡಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಜಕ್ಕನಹಳ್ಳಿ ದಾಟುತ್ತಲೇ ಮಾಸ್ಟ್ರು ಕಂಡಕ್ಟರಿಗೆ ಕಥೆ ಶುರುಮಾಡಿದರು. "ಗೆದ್ದದ್ದು ನನ್ ಮಾರ್ಜಿನ್ನಿಂದ, ಸೋತದ್ದು ಇವ್ರ್ ಮೋಟ್ರಿಂದ. ನಾಕೂ ಕಡೆ ಬುಟ್ಟಿದ್ರೆ ಕಪ್ಪೇ ಬತ್ತಿತ್ತು." ನಾಲ್ಕೂ ಕಡೆ ಬಿಟ್ಟಿದ್ದರೆ ಅಖಾಡಕ್ಕೇ ಬಿಡುತ್ತಿರಲಿಲ್ಲ ಅಂತ ನಾನು ನೆನಪಿಸಿದೆ. "ಅದ್ ಬ್ಯಾರೆ ಇಸ್ಯ" ಅಂದರು. ಮುಂದೆ ಎರಡು ವರ್ಷ ಊರಲ್ಲಿ ಸಿಕ್ಕಿದವರಿಗೆಲ್ಲ ಇದೇ ಕಥೆ. ಕತ್ತರಿಸಿದ ಪಟ್ಟಿಗಳಲ್ಲಿ ಒಂದನ್ನು ಹೊಲಿಗೆ ಮಿಷನ್ನಿನ ಕುಂಟುಗಾಲಿಗೆ ಒತ್ತು ಕೊಟ್ಟಿದ್ದರು. ಕಥೆ ನಂಬದವರಿಗೆ ಬಗ್ಗಿ ಅದನ್ನು ತೋರಿಸುತ್ತಿದ್ದರು.

ತಿಥಿ ಕಳೆದ ಮೇಲೆ ಅಕ್ಕ ಫೋನು ಮಾಡಿದರು. "ಕಪಾಟು ಖಾಲಿ ಮಾಡ್ತಿದ್ದೆ ಮಗಾ, ನಿನ್ ಸರ್ಟ್ ಸಿಕ್ತು ಬಾ."

ಹೋದೆ. ತಿಳಿನೀಲಿ ಶರ್ಟು. ಕಾಲರು, ಜೇಬು, ಕಫ್ಫು, ಕೆಳಗಿನ ಮಡಿಕೆ ಎಲ್ಲ ಮುಗಿದಿತ್ತು. ಎದೆಯ ಪಟ್ಟಿಯ ಮೇಲೆ ಗುಂಡಿಗೊಂದರಂತೆ ಸೀಮೆಸುಣ್ಣದ ಗುರುತು ಮಾತ್ರ ಇತ್ತು. ನಿಜವಾಗಿಯೂ ಕಾಜಾ ಒಂದೇ ಬಾಕಿ. ಒಂದು ಸಲವಾದರೂ ಅವರು ನಿಜ ಹೇಳಿದ್ದರು, ನಾನೇ ನಂಬಿರಲಿಲ್ಲ.

"ಇಷ್ಟೆಲ್ಲಾ ಒಲ್ದು ಯಾಕ್ ಕೊಡ್ಲಿಲ್ಲ ಅಕ್ಕ?"

"ಅದಕ್ ಯಾಕೆ ಅಂತ ಬ್ಯಾರೆ ಬೇಕಾ? ನನ್ ರವ್ಕೇನೂ ಅಂಗೇ ಮುಗೀದೆ ಅದರ್ ಕೆಳ್ಗೇ ಇತ್ತು" ಅಂದರು ಅಕ್ಕ.

ಮನೆಗೆ ತಂದು ಹಾಕಿ ನೋಡಿದರೆ ಎದೆ ಬಿಗಿ, ಭುಜ ಬಿಗಿ. ಅಳತೆ ಕೊಟ್ಟಾಗಿನ ನಾನು ಈಗಿಲ್ಲ. ಚಂದ್ರನನ್ನು ನೋಡಲು ಕೆ.ಆರ್. ಪೇಟೆಗೆ ಹೋದಾಗ ಅಲ್ಲಿನ ಒಬ್ಬ ಟೈಲರಿಗೆ ಕೊಟ್ಟೆ. ನಾನು ಮತ್ತು ಚಂದ್ರ ಈಗ ಹದಿನೈದು ಕೆಜಿಯದು ಕಟ್ಟುತ್ತಿದ್ದೇವೆ. ಅದರ ಎದೆಯ ಹಲಗೆ ಕತ್ತರಿಸಬೇಕಿತ್ತು.

ಟೈಲರು ಶರ್ಟನ್ನು ಒಳಮಗ್ಗುಲು ಮಾಡಿ, ಪಕ್ಕದ ಹೊಲಿಗೆಯನ್ನು ಬೆರಳಲ್ಲಿ ಸವರಿ, ಕನ್ನಡಕ ಮೇಲೆತ್ತಿದ.

"ಯಾರ್ ಒಲ್ದಿದ್ದು ಇದು? ಎಷ್ಟೊಂದ್ ಮಾರ್ಜಿನ್ ಬುಟ್ಟವ್ರೆ. ಈಗ್ಯಾರ್ ಇಷ್ಟ್ ಬುಡ್ತಾರೆ. ಪೂರ್ತಿ ಬಿಚ್ಬುಡ್ಲಾ?"

"ಬ್ಯಾಡ ಕಣಣ್ಣ. ಈಗ ಎಷ್ಟ್ ಬೇಕೋ ಅಷ್ಟೇ ಬಿಚ್ಚು" ಅಂದೆ. "ಮಿಕ್ಕಿದ್ದು ಒಳಗೇ ಇರ್ಲಿ."